ಕರಟದ ಇಂಗಾಲದಲ್ಲಿ ರಂಧ್ರಗಳನ್ನು ಅಳೆಯುವುದು: ಕಿರುಕೋನ ಕ್ಷ-ಕಿರಣ ಚದುರಿಕೆ

ಎಲೆಕ್ಟ್ರಾನ್ ಸಾಂದ್ರತೆ, ಅಂದರೆ ಒಂದು ಘನ ಅಳತೆಯ ಜಾಗದಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆ, ಎಲ್ಲಿ ನೋಡಿದರೂ ಎರಡೇ ಬೆಲೆಗಳಲ್ಲಿ ಒಂದಾಗಿದ್ದು, ಒಂದರಿಂದ ಇನ್ನೊಂದಕ್ಕೆ ಗಡಿಯಲ್ಲಿ ಥಟ್ಟನೆ ಬದಲಾಗುವ ವಸ್ತುವನ್ನು ಈ ಟಿಪ್ಪಣಿಯಲ್ಲಿ ಎರಡು ಪ್ರಾವಸ್ಥೆಗಳ ವಸ್ತು ಎಂದು ಕರೆಯುತ್ತೇನೆ. ಕಾರವಾರದಿಂದ ಭಟ್ಕಳದವರೆಗೆ ಯಾವ ಮನೆಯ ಹಿತ್ತಲಲ್ಲಾದರೂ ಸಿಗುವ ತೆಂಗಿನ ಕರಟವನ್ನು ಗಾಳಿಯಾಡದಂತೆ ಸುಟ್ಟು, ಆ ಇದ್ದಿಲನ್ನು ಹೆಚ್ಚಿನ ಉಷ್ಣತೆಯಲ್ಲಿ ಹಬೆಗೆ ಒಡ್ಡಿದರೆ ಸಿಗುವ ಸಕ್ರಿಯ ಇಂಗಾಲ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಒಂದು ಪ್ರಾವಸ್ಥೆ ಇಂಗಾಲ, ಇನ್ನೊಂದು ಖಾಲಿ ರಂಧ್ರ.

ಇಂಥ ವಸ್ತುವಿನ ಮೂಲಕ ಕ್ಷ-ಕಿರಣವನ್ನು ಹಾಯಿಸಿದರೆ ಅದರ ಒಂದು ಪಾಲು ನೇರ ದಾರಿ ಬಿಟ್ಟು ಕಿರಿದಾದ ಕೋನಗಳಲ್ಲಿ ಚದುರುತ್ತದೆ; ರಂಧ್ರಗಳ ಅಳತೆ ತಿಳಿಯುವುದು ಈ ಚದುರಿಕೆಯಿಂದ. ಚದುರಿಕೆಯ ಕೋನ ಕಿರಿದಾದಷ್ಟೂ ಅದು ಹೇಳುವ ಉದ್ದ ದೊಡ್ಡದು. ತಾಮ್ರದ ಟ್ಯೂಬಿನಿಂದ ಬರುವ 0.154 ನ್ಯಾನೊಮೀಟರ್ ತರಂಗಾಂತರದ ಕಿರಣಕ್ಕೆ 2 ನ್ಯಾನೊಮೀಟರ್ ಅಂತರದ ರಚನೆ ಸುಮಾರು 4.4 ಡಿಗ್ರಿಯಲ್ಲಿ ಕಾಣಿಸಿಕೊಂಡರೆ, 50 ನ್ಯಾನೊಮೀಟರಿನದು 0.18 ಡಿಗ್ರಿಯಷ್ಟು ಹತ್ತಿರದಲ್ಲಿ, ನೇರ ಕಿರಣದ ಮಗ್ಗುಲಲ್ಲೇ ಇರುತ್ತದೆ. ಗ್ರಾಫಿನಲ್ಲಿ ಕೋನದ ಬದಲು ‘ಕ್ಯೂ’ ಎಂಬ ರಾಶಿಯನ್ನು ಬಳಸುತ್ತಾರೆ; 2 ಪೈ ಅನ್ನು ಕ್ಯೂನಿಂದ ಭಾಗಿಸಿದರೆ ಉದ್ದ ಸಿಗುತ್ತದೆ.

ಚದುರಿಕೆಯ ತೀವ್ರತೆಯನ್ನು ನಿರ್ಧರಿಸುವುದು ಎರಡು ಪ್ರಾವಸ್ಥೆಗಳ ಎಲೆಕ್ಟ್ರಾನ್ ಸಾಂದ್ರತೆಗಳ ವ್ಯತ್ಯಾಸದ ವರ್ಗ. ನಮ್ಮ ಕರಾವಳಿಯಲ್ಲಿ ಕೆಲಸ ಮಾಡುವವರು ಈ ಮಾತನ್ನು ವಿಶೇಷವಾಗಿ ಗಮನದಲ್ಲಿಡಬೇಕು. ಘನ ಸೆಂಟಿಮೀಟರಿಗೆ 2 ಗ್ರಾಂ ಸಾಂದ್ರತೆಯ ಇಂಗಾಲದಲ್ಲಿ ಪ್ರತಿ ಘನ ನ್ಯಾನೊಮೀಟರಿಗೆ ಸುಮಾರು 602 ಎಲೆಕ್ಟ್ರಾನುಗಳಿದ್ದರೆ, ನೀರಿನಲ್ಲಿ 334 ಇರುತ್ತವೆ. ರಂಧ್ರ ಖಾಲಿಯಿದ್ದಾಗ ವ್ಯತ್ಯಾಸ 602. ನೀರು ತುಂಬಿದಾಗ 268 ಮಾತ್ರ. ವರ್ಗ ಮಾಡಿ ನೋಡಿದರೆ ತೀವ್ರತೆ ಐದರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಉಪ್ಪೇ ನೀರಾಗುವ ಊರಿನಲ್ಲಿ ಸಕ್ರಿಯ ಇಂಗಾಲವನ್ನು ತೆರೆದಿಟ್ಟರೆ ಅದು ತೇವ ಹೀರದೆ ಇರುವುದಿಲ್ಲ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ರಂಧ್ರಗಳು ಅರ್ಧಂಬರ್ಧ ತುಂಬಿದಾಗ ಇಂಗಾಲ, ನೀರು, ಗಾಳಿ ಎಂದು ಮೂರು ಪ್ರಾವಸ್ಥೆಗಳಾಗಿ, ಕೆಳಗೆ ಹೇಳುವ ಲೆಕ್ಕಗಳು ಅನ್ವಯಿಸುವುದೇ ಇಲ್ಲ. ಆದ್ದರಿಂದ ಮಾದರಿಯನ್ನು ನಿರ್ವಾತದಲ್ಲಿ ಬಿಸಿಮಾಡಿ ಒಣಗಿಸಿ, ಕೂಡಲೇ ಮೊಹರು ಮಾಡಿದ ಗಾಜಿನ ಕ್ಯಾಪಿಲರಿಯಲ್ಲಿಡಬೇಕು.

ದತ್ತಾಂಶ ಕೈಗೆ ಬಂದೊಡನೆ ರಂಧ್ರ ಗೋಳವೋ ಸಿಲಿಂಡರೋ ಎಂದು ಊಹಿಸಿ ಫಿಟ್ ಮಾಡಲು ಹೊರಡುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆಕಾರದ ಊಹೆಯೇ ಬೇಡದ ಎರಡು ರಾಶಿಗಳು ಮೊದಲು ಸಿಗುತ್ತವೆ. ತೀವ್ರತೆಯನ್ನು ಕ್ಯೂನ ವರ್ಗದಿಂದ ಗುಣಿಸಿ, ಸೊನ್ನೆಯಿಂದ ಅನಂತದವರೆಗೆ ಅನುಕಲಿಸಿದರೆ ಬರುವುದು ಇನ್‌ವೇರಿಯಂಟ್. ಅದು ರಂಧ್ರದ ಘನಫಲದ ಪಾಲು, ಇಂಗಾಲದ ಪಾಲು, ಸಾಂದ್ರತಾ ವ್ಯತ್ಯಾಸದ ವರ್ಗ ಮತ್ತು ಪೈ ವರ್ಗದ ಎರಡರಷ್ಟು, ಇವುಗಳ ಗುಣಲಬ್ಧ. ಇದರಲ್ಲಿ ಎರಡೂ ಪಾಲುಗಳಿಗೆ ಸಮಾನ ಸ್ಥಾನವಿರುವುದರಿಂದ 30 ಶೇಕಡಾ ರಂಧ್ರವಿರುವ ವಸ್ತುವಿಗೂ 70 ಶೇಕಡಾ ರಂಧ್ರವಿರುವ ವಸ್ತುವಿಗೂ ಒಂದೇ ಉತ್ತರ ಬರುತ್ತದೆ. ಯಾವುದು ರಂಧ್ರ, ಯಾವುದು ಇಂಗಾಲ ಎಂಬುದನ್ನು ಚದುರಿಕೆ ಹೇಳಲಾರದು. ಅದನ್ನು ಸಾಂದ್ರತೆಯ ಅಳತೆಯಿಂದಲೇ ತಿಳಿಯಬೇಕು.

ಎರಡನೆಯದು ಪೊರೋಡ್ ನಿಯಮದಿಂದ ಬರುವ ಸ್ಥಿರಾಂಕ. ಗಡಿ ಚೂಪಾಗಿದ್ದರೆ ಕೋನ ಹೆಚ್ಚಿದಂತೆ ತೀವ್ರತೆ ಕ್ಯೂನ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ, ಮತ್ತು ಅವೆರಡರ ಗುಣಲಬ್ಧ ನಿಲ್ಲುವ ಬೆಲೆ ಒಳಮೇಲ್ಮೈಯ ವಿಸ್ತೀರ್ಣಕ್ಕೆ ಅನುಪಾತದಲ್ಲಿರುತ್ತದೆ. ಈ ಸ್ಥಿರಾಂಕವನ್ನು ಇನ್‌ವೇರಿಯಂಟಿನಿಂದ ಭಾಗಿಸಿದಾಗ ಸಾಂದ್ರತಾ ವ್ಯತ್ಯಾಸ ಹಾರಿಹೋಗುವುದರಿಂದ ತೀವ್ರತೆಯನ್ನು ನಿರಪೇಕ್ಷ ಮಾನದಲ್ಲಿ ಅಳೆಯುವ ಅಗತ್ಯವೂ ಉಳಿಯದು. ಲೆಕ್ಕಕ್ಕಾಗಿ ಆ ಭಾಗಲಬ್ಧ ಪ್ರತಿ ನ್ಯಾನೊಮೀಟರಿಗೆ 1.5, ರಂಧ್ರದ ಪಾಲು 0.3 ಎಂದಿಟ್ಟುಕೊಳ್ಳೋಣ: ಪೈ, 0.3, 0.7 ಮತ್ತು 1.5 ಗುಣಿಸಿದರೆ ಸುಮಾರು 0.99, ಅಂದರೆ ಪ್ರತಿ ಘನ ಸೆಂಟಿಮೀಟರಿಗೆ ಸರಿಸುಮಾರು 990 ಚದರ ಮೀಟರ್. ರಂಧ್ರದ ಪಾಲಿನ ನಾಲ್ಕರಷ್ಟನ್ನು ಈ 0.99ರಿಂದ ಭಾಗಿಸಿದರೆ ರಂಧ್ರವನ್ನು ಹಾಯುವ ಸರಾಸರಿ ಗೆರೆಯ ಉದ್ದ 1.2 ನ್ಯಾನೊಮೀಟರ್ ಎಂದು ತಿಳಿಯುತ್ತದೆ.

ಈ ಲೆಕ್ಕಕ್ಕೆ ಮೊದಲು ಎರಡು ತಿದ್ದುಪಡಿಗಳು ಬೇಕು. ಪುಡಿಯ ಕಣಗಳ ಹೊರಮೈ ಅತಿ ಕಿರಿಯ ಕೋನದಲ್ಲಿ ತನ್ನದೇ ಕಡಿದಾದ ಇಳಿಜಾರನ್ನು ತೋರಿಸುತ್ತದೆ, ಅದನ್ನು ಕಳೆಯಬೇಕು. ಇಂಗಾಲದ ಪದರಗಳ ಅವ್ಯವಸ್ಥೆಯಿಂದ ಹೆಚ್ಚಿನ ಕೋನದಲ್ಲಿ ಬರುವ ಹಿನ್ನೆಲೆಯನ್ನೂ ಕಳೆಯಬೇಕು. ಇಷ್ಟಾದ ಮೇಲೆ ಸಿಕ್ಕ ವಿಸ್ತೀರ್ಣವನ್ನು ನೈಟ್ರೋಜನ್ ಹೀರಿಕೆಯಿಂದ ಅಳೆದ ವಿಸ್ತೀರ್ಣದೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಅನಿಲ ತಲುಪಬಲ್ಲ ರಂಧ್ರಗಳನ್ನಷ್ಟೇ ಅದು ಎಣಿಸುತ್ತದೆ, ಕ್ಷ-ಕಿರಣಕ್ಕೆ ಬಾಯಿ ಮುಚ್ಚಿದ ರಂಧ್ರವೂ ಕಾಣುತ್ತದೆ. ಹಾಗಾಗಿ ಚದುರಿಕೆಯ ವಿಸ್ತೀರ್ಣ ಗಣನೀಯವಾಗಿ ಹೆಚ್ಚಿದ್ದರೆ ಮುಚ್ಚಿದ ರಂಧ್ರಗಳಿರಬಹುದೆಂದು ಮೊದಲು ಪರಿಶೀಲಿಸಬೇಕು.