ಪುಸ್ತೋಜೆರ್ಸ್ಕ್ ಖಾಲಿಯಾಗಿದ್ದು ಚಳಿಯಿಂದಲ್ಲ

ರಷ್ಯಾದ ಉತ್ತರದ ಅಂಚಿನಲ್ಲಿ ಪೆಚೋರಾ ಎಂಬ ನದಿಯಿದೆ. ಉರಲ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 1,800 ಕಿಲೋಮೀಟರ್ ಹರಿದು ಬ್ಯಾರೆಂಟ್ಸ್ ಸಮುದ್ರ ಸೇರುತ್ತದೆ. ಸಮುದ್ರ ಹತ್ತಿರವಾದಂತೆ ನದಿ ಕವಲು ಕವಲಾಗಿ ಒಡೆಯುತ್ತದೆ. ನಡುವೆಲ್ಲ ನಡುಗಡ್ಡೆ, ಜೌಗು, ಸರೋವರ. ಅಂಥದೊಂದು ಸರೋವರದ ದಂಡೆಯಲ್ಲಿ ಪುಸ್ತೋಜೆರ್ಸ್ಕ್ ಎಂಬ ಊರಿತ್ತು. ಈಗಿನ ನಾರ್ಯನ್‌ಮಾರ್ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರ. 1962ರಲ್ಲಿ ಕೊನೆಯ ನಿವಾಸಿಗಳು ಅಲ್ಲಿಂದ ಹೊರಟುಹೋದರು.

ಆರ್ಕ್‌ಟಿಕ್ ವೃತ್ತದಿಂದಲೂ ಮೇಲಿರುವ ಜಾಗ. ಅಷ್ಟು ಚಳಿಯಲ್ಲಿ ಯಾರು ತಾನೇ ಇರುತ್ತಾರೆ ಅಂತ ಅನ್ನಿಸುವುದು ಸಹಜ. ಆದರೆ ಈ ಊರು ಶುರುವಾದಾಗಲೂ ಅಲ್ಲಿ ಚಳಿಯಿತ್ತು. ಆ ಚಳಿಯಲ್ಲೇ ಜನ 450 ವರ್ಷಕ್ಕಿಂತ ಜಾಸ್ತಿ ಬದುಕಿದರು. ಊರು ಬರಿದಾಗಿದ್ದು ಬೇರೆ ಕಾರಣಕ್ಕೆ. ಅಲ್ಲಿಗೆ ಬರುತ್ತಿದ್ದ ದಾರಿಗಳು ಒಂದೊಂದಾಗಿ ಬೇರೆ ಕಡೆ ಸರಿದುಹೋದವು.

1499ರಲ್ಲಿ ಮಾಸ್ಕೋದ ದೊರೆ ಮೂರನೇ ಇವಾನ್ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದಂಡನ್ನು ಉರಲ್ ಕಡೆಗೆ ಕಳಿಸಿದ. ಸೆಮ್ಯೋನ್ ಕುರ್ಬ್‌ಸ್ಕಿ, ಪ್ಯೋತ್ರ್ ಉಶಾತಿ ಎಂಬ ಸರದಾರರು ಮುಂದಿದ್ದರು. ದಾರಿಯಲ್ಲಿ ಅವರು ಪೆಚೋರಾದ ಕೆಳದಂಡೆಯಲ್ಲಿ ಮರದ ಕೋಟೆ ಕಟ್ಟಿದರು. ಆರ್ಕ್‌ಟಿಕ್ ವೃತ್ತದ ಆಚೆ ರಷ್ಯನ್ನರು ಕಟ್ಟಿದ ಮೊದಲ ಪಟ್ಟಣ ಅದು. ಜಾಗದ ಆಯ್ಕೆಯಲ್ಲಿ ಲೆಕ್ಕಾಚಾರವಿತ್ತು. ಆಗ ನದಿಯಿಂದ ಸರೋವರದವರೆಗೆ ದೋಣಿ ಬರುವಷ್ಟು ನೀರಿನ ದಾರಿಯಿತ್ತು. ಪೆಚೋರಾದಲ್ಲಿ ಮೇಲಕ್ಕೆ ಹೋಗಿ ಉಸಾ ಎಂಬ ಉಪನದಿ ಹಿಡಿದರೆ ಉರಲ್ ದಾಟಿ ಸೈಬೀರಿಯಾದ ಓಬ್ ನದಿಗೆ ಇಳಿಯಬಹುದಿತ್ತು. ಕೆಳಕ್ಕೆ ಹೋದರೆ ಸಮುದ್ರ. ಇವತ್ತು ಜಗತ್ತಿನ ಮೂಲೆಯಂತೆ ಕಾಣುವ ಜಾಗ ಆಗ ಹೆಬ್ಬಾಗಿಲಾಗಿತ್ತು.

ಸುತ್ತಲಿನ ನೆನೆಟ್ಸ್ ಜನರಿಂದ ಕಪ್ಪವಾಗಿ ತುಪ್ಪಳ ವಸೂಲಾಗುತ್ತಿತ್ತು. ವಾಲ್ರಸ್ ದಂತ, ಸಾಲ್ಮನ್ ಮೀನು, ಹಿಮನರಿಯ ಚರ್ಮ ಎಲ್ಲ ಇಲ್ಲಿಂದ ಸಾಗುತ್ತಿದ್ದವು. 1611ರಲ್ಲಿ ಇಂಗ್ಲಿಷ್ ವ್ಯಾಪಾರಿಗಳೂ ಬಂದು ಚಳಿಗಾಲ ಪೂರ್ತಿ ಇಲ್ಲೇ ಉಳಿದರು.

ಆ ಹೊತ್ತಿಗಾಗಲೇ ದಾರಿ ಸರಿಯತೊಡಗಿತ್ತು. 1590ರ ದಶಕದ ಕೊನೆಗೆ, ದಕ್ಷಿಣದಲ್ಲಿ ಸೊಲಿಕಾಮ್ಸ್ಕ್‌ನಿಂದ ವೆರ್ಖೊತೂರ್ಯೆಗೆ ಹೊಸ ರಸ್ತೆಯಾಯಿತು. ಸೈಬೀರಿಯಾಕ್ಕೆ ಹೋಗುವ ಸರ್ಕಾರಿ ದಾರಿ ಅದೇ ಆಯಿತು. ಉಳಿದದ್ದು ಸಮುದ್ರದ ದಾರಿ. ವಿದೇಶಿಯರು ಸೈಬೀರಿಯಾಕ್ಕೆ ನುಗ್ಗಬಹುದು, ಸುಂಕ ತಪ್ಪಿಹೋಗಬಹುದು ಎಂಬ ಭಯದಿಂದ 1619ರಲ್ಲಿ ಅದನ್ನೂ ಮಾಸ್ಕೋ ಮುಚ್ಚಿತು. ನನಗೆ ಈ ಊರಿನ ಕತೆ ತಿರುಗಿದ್ದು ಇಲ್ಲೇ ಅನ್ನಿಸುತ್ತದೆ. ಪುಸ್ತೋಜೆರ್ಸ್ಕ್ ಇದ್ದಲ್ಲೇ ಇತ್ತು. ಅದನ್ನು ದೂರ ಮಾಡಿದ್ದು ಆಳುವವರ ತೀರ್ಮಾನ.

ಹೀಗೆ ದೂರವಾದ ಊರಿಗೆ ಸರ್ಕಾರ ಇನ್ನೊಂದು ಕೆಲಸ ಹುಡುಕಿತು. ಬೇಡವಾದವರನ್ನು ಅಲ್ಲಿಗೆ ಅಟ್ಟುವುದು. ರಾಜಮನೆತನಕ್ಕೆ ತೀರಾ ಹತ್ತಿರವಿದ್ದ ಅರ್ತಮೋನ್ ಮತ್ವೇಯೆವ್ ಕೂಡ ಇಲ್ಲಿಗೆ ಗಡಿಪಾರಾಗಿ ಬಂದು, ಊಟಕ್ಕೂ ಗತಿಯಿಲ್ಲವೆಂದು ಅರ್ಜಿ ಮೇಲೆ ಅರ್ಜಿ ಬರೆದ. ಆದರೆ ಊರಿನ ಹೆಸರು ಉಳಿದಿದ್ದು ಅವ್ವಾಕುಮ್ ಎಂಬ ಪಾದ್ರಿಯಿಂದ. 1650ರ ದಶಕದಲ್ಲಿ ರಷ್ಯಾದ ಚರ್ಚು ತನ್ನ ಆಚರಣೆಗಳನ್ನು ತಿದ್ದಿತು. ಶಿಲುಬೆಯ ಗುರುತು ಮಾಡುವಾಗ ಎರಡು ಬೆರಳಿನ ಬದಲು ಮೂರು ಬೆರಳು ಜೋಡಿಸಬೇಕೆಂದಿತು. ಅವ್ವಾಕುಮ್ ಒಪ್ಪಲಿಲ್ಲ. 1667ರ ಕೊನೆಗೆ ಅವನನ್ನು ಪುಸ್ತೋಜೆರ್ಸ್ಕ್‌ಗೆ ತಂದರು. ಜೊತೆಗೆ ಲಾಜರ್, ಎಪಿಫಾನಿ. ಕೆಲವು ತಿಂಗಳ ನಂತರ ಫ್ಯೋದರ್ ಕೂಡ ಬಂದ. ಈ ಮೂವರ ನಾಲಿಗೆ ಕತ್ತರಿಸಲಾಯಿತು. ಆಮೇಲೆ ನಾಲ್ವರನ್ನೂ ಹೆಪ್ಪುಗಟ್ಟಿದ ನೆಲದಲ್ಲಿ ತೋಡಿದ ಗುಂಡಿಗಳಲ್ಲಿ ಕೂಡಿಟ್ಟರು.

ಆ ಗುಂಡಿಯಲ್ಲೇ ಕೂತು ಅವ್ವಾಕುಮ್ ತನ್ನ ಬದುಕಿನ ಕತೆ ಬರೆದ. ಜನ ಮನೆಯಲ್ಲಿ ಆಡುವ ರಷ್ಯನ್‌ನಲ್ಲಿ ಬರೆದ. ಅದನ್ನು ಹೊರಗೆ ಸಾಗಿಸಿದ್ದು ಹೇಗೆ ಗೊತ್ತಾ? ಕಾವಲಿನ ಸೈನಿಕರು ಹಿಡಿಯುತ್ತಿದ್ದ ಕೊಡಲಿಯ ಹಿಡಿಯಲ್ಲಿ ಸಣ್ಣ ಗೂಡು ಮಾಡಿಸಿ, ಅದರೊಳಗೆ ಕಾಗದ ಅಡಗಿಸಿ ಕಳಿಸುತ್ತಿದ್ದರು. ಎಪಿಫಾನಿ ಕೆತ್ತಿದ ಮರದ ಶಿಲುಬೆಗಳಲ್ಲೂ ಪತ್ರಗಳು ಹೋದವು. ಕಾವಲುಗಾರರೇ ಜೀವದ ಹಂಗು ತೊರೆದು ಕೈದಿಗಳ ಮಾತನ್ನು ಹೊತ್ತೊಯ್ದರು. 1682ರ ಏಪ್ರಿಲ್ 14ರಂದು ನಾಲ್ವರನ್ನೂ ಮರದ ಚೌಕಟ್ಟಿನೊಳಗೆ ಕೂಡಿ ಸುಟ್ಟರು. ಅಪ್ಪಣೆ ಕೊಟ್ಟ ದೊರೆ ಫ್ಯೋದರ್ ಎರಡೇ ವಾರದಲ್ಲಿ ತೀರಿಕೊಂಡ. ಅವ್ವಾಕುಮ್ ಮತ್ತು ಎಪಿಫಾನಿ ತಮ್ಮ ಕೈಯಾರೆ ಬರೆದ ಹಾಳೆಗಳು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಪುಷ್ಕಿನ್ ಹೌಸ್ ಸಂಗ್ರಹದಲ್ಲಿ ಜೋಪಾನವಾಗಿವೆ.

ಮುಂದಿನದು ನದಿಯ ಕೆಲಸ. ಸರೋವರಕ್ಕೆ ಬರುವ ಕಾಲುವೆ ಹೂಳು ತುಂಬಿ ಕಿರಿದಾಯಿತು. ನೀರು ಕಡಿಮೆಯಾಯಿತು, ದೊಡ್ಡ ದೋಣಿಗಳು ನಿಂತವು. ಸೌದೆಗೆ, ಮನೆಗೆ ಅಂತ ಸುತ್ತಲಿನ ಮರ ಕಡಿದದ್ದರಿಂದ ಗಾಳಿಗೆ ಮರಳು ಏಳತೊಡಗಿತು. 1780ರಲ್ಲಿ ಆಡಳಿತದ ಕೇಂದ್ರವೂ ದೂರದ ಮೆಜೆನ್‌ಗೆ ಹೋಯಿತು. ಪಟ್ಟಣ ಹಳ್ಳಿಯಾಯಿತು. 20ನೇ ಶತಮಾನದಲ್ಲಿ ಪೆಚೋರಾದ ಮುಖ್ಯ ಹರಿವಿನ ಬಳಿ, ಹಡಗು ನಿಲ್ಲುವಂಥ ಜಾಗದಲ್ಲಿ ನಾರ್ಯನ್‌ಮಾರ್ ಬೆಳೆಯಿತು. ಶಾಲೆ, ಆಸ್ಪತ್ರೆ, ಸಂಬಳದ ಕೆಲಸ ಎಲ್ಲ ಅಲ್ಲಿ. ಜನ ಅತ್ತ ನಡೆದರು.

ಅದೇ ಕಾಲದಲ್ಲಿ ರಷ್ಯಾದ ಉದ್ದಗಲಕ್ಕೂ ಹಳ್ಳಿಗಳು ಕರಗುತ್ತಿದ್ದವು. 1959ರಲ್ಲಿ ಅಲ್ಲಿ ಸುಮಾರು 2.94 ಲಕ್ಷ ಹಳ್ಳಿಗಳಿದ್ದವು. 1989ಕ್ಕೆ ಉಳಿದದ್ದು ಸುಮಾರು 1.53 ಲಕ್ಷ. ಸಣ್ಣ ಹಳ್ಳಿಗಳಿಗೆ ಭವಿಷ್ಯವಿಲ್ಲವೆಂದು ಸೋವಿಯತ್ ಯೋಜನಾಕಾರರೇ ಪಟ್ಟಿ ಮಾಡಿದರು. ಪಟ್ಟಿಗೆ ಸೇರಿದ ಊರಿನ ಶಾಲೆ ಮುಚ್ಚುತ್ತಿತ್ತು, ಅಂಗಡಿ ಮುಚ್ಚುತ್ತಿತ್ತು, ಬಸ್ ನಿಲ್ಲುತ್ತಿತ್ತು. ಇಷ್ಟಾದ ಮೇಲೆ ಜನ ತಾವಾಗಿಯೇ ಊರು ಬಿಟ್ಟರು ಅನ್ನುವುದು ಅನ್ಯಾಯ ಅಲ್ವಾ? 2010ರ ಜನಗಣತಿಯಲ್ಲಿ 19 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಬ್ಬರೂ ಇರಲಿಲ್ಲ. ಇನ್ನೂ 36 ಸಾವಿರ ಹಳ್ಳಿಗಳಲ್ಲಿ ಇದ್ದವರು ಹತ್ತು ಜನ ಅಥವಾ ಅದಕ್ಕಿಂತ ಕಡಿಮೆ.

ಪುಸ್ತೋಜೆರ್ಸ್ಕ್‌ನಲ್ಲಿ 1964ರಲ್ಲಿ ಒಂದು ಸ್ಮಾರಕ ಸ್ತಂಭ ನಿಲ್ಲಿಸಿದರು. 1991ರಲ್ಲಿ ಆ ಜಾಗವನ್ನು ನೋಡಿಕೊಳ್ಳಲು ಸಂಗ್ರಹಾಲಯ ಶುರುವಾಯಿತು. ಪುರಾತತ್ವ ತಜ್ಞರು ಅಲ್ಲಿ ಅಗೆದು ಹಳೆಯ ಪಟ್ಟಣದ ಅವಶೇಷ ಹುಡುಕಿದ್ದಾರೆ. ಹಳೆಯ ಆಚರಣೆ ಬಿಡದ ಭಕ್ತರು ಅವ್ವಾಕುಮ್‌ನನ್ನು ನೆನೆದು ಪ್ರಾರ್ಥಿಸಲು ಈಗಲೂ ಬರುತ್ತಾರೆ. ಬೇಸಿಗೆಯಲ್ಲಾದರೆ ನಾರ್ಯನ್‌ಮಾರ್‌ನಿಂದ ದೋಣಿ ಹಿಡಿಯಬೇಕು, ಚಳಿಗಾಲದಲ್ಲಾದರೆ ಹಿಮದ ಮೇಲೆ ಓಡುವ ಗಾಡಿ.