ಗುಡ್ಡದ ಮೇಲಿನ ಫ್ಯಾನೂ ಜೇಬಿನೊಳಗಿನ ಕರ್ನಲ್ಲೂ

ಚಿತ್ರದುರ್ಗದ ಕೋಟೆ ಹತ್ತಿ ನಿಂತರೆ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು ಕಾಣುತ್ತವೆ. ನಾವು ಅವನ್ನು ಫ್ಯಾನ್ ಅಂತಲೇ ಕರೆಯುತ್ತೇವೆ. ಊರಿಗೆ ಬಂದ ನೆಂಟರನ್ನು ಕೋಟೆಗೆ ಕರೆದುಕೊಂಡು ಹೋದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಗಾಳಿ ಅರ್ಧಕ್ಕೆ ಇಳಿದ್ರೆ ಕರೆಂಟೂ ಅರ್ಧ ಆಗುತ್ತೆ, ಅಲ್ವಾ?"

ಅಲ್ಲ. ಅರ್ಧ ಆಗಿದ್ದರೆ ಚೆನ್ನಾಗಿತ್ತು. ಒಂದು ಕಿಲೋ ಗಾಳಿ ಹೊತ್ತು ತರುವ ಶಕ್ತಿ ಅದರ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ ಅರ್ಧವಾದರೆ ಶಕ್ತಿ ಕಾಲು ಭಾಗ. ಅದರ ಜೊತೆಗೆ, ನಿಧಾನವಾಗಿ ಬರುವ ಗಾಳಿ ಸೆಕೆಂಡಿಗೆ ಮೊದಲಿನ ಅರ್ಧದಷ್ಟು ಮಾತ್ರ ಬಂದು ಫ್ಯಾನಿಗೆ ತಾಗುತ್ತದೆ. ಕಾಲಿನಲ್ಲಿ ಅರ್ಧ, ಅಂದರೆ ಅಜ್ಜಂದಿರ ಲೆಕ್ಕದ ಅರೆಕಾಲು. ಎಂಟರಲ್ಲಿ ಒಂದು ಪಾಲು.

ಈ ಅರೆಕಾಲಿನ ಲೆಕ್ಕ ನನಗೆ ಮತ್ತೆ ನೆನಪಾಗಿದ್ದು ಅಕ್ಕನ ಮಗನಿಂದ. ಅವನು ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಇಂಜಿನಿಯರಿಂಗ್ ಓದಲು ಹೋಗುತ್ತಾನೆ. ಹೋಗಿಬರುವಷ್ಟರಲ್ಲಿ ಫೋನ್ ಸತ್ತಿರುತ್ತದೆ. ಒಂದು ಭಾನುವಾರ ಬಂದವನೇ, "ಮಾವ, ಫೋನ್ ರೂಟ್ ಮಾಡಿದೀನಿ. ಒಂದು ಒಳ್ಳೆ ಕಸ್ಟಮ್ ಕರ್ನಲ್ ಹಾಕ್ಕೊಡು. ಬ್ಯಾಟರಿ ಡಬಲ್ ಬರುತ್ತಂತೆ" ಅಂದ. ರೂಟ್ ಅಂದರೆ ಕಂಪನಿ ಹಾಕಿದ ಬೀಗ ತೆಗೆದು ಫೋನಿನ ಪೂರ್ತಿ ಅಧಿಕಾರವನ್ನು ಕೈಗೆ ತೆಗೆದುಕೊಳ್ಳುವುದು.

ಈ "ಅಂತೆ" ಇದೆಯಲ್ಲ, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೊಸ ಫೋನನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕಂತೆ. ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕಂತೆ. ಇದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿಯಾಗುವುದೇ ಕೇಡು. ತೆರೆದ ಆ್ಯಪ್‌ಗಳನ್ನೆಲ್ಲ ಒರೆಸಿ ಹಾಕಿದರೆ ಬ್ಯಾಟರಿ ಉಳಿಯುತ್ತದಂತೆ. ಒರೆಸಿದ ಆ್ಯಪನ್ನು ಮತ್ತೆ ಮೊದಲಿನಿಂದ ತೆರೆಯಲು ಆಗುವ ಖರ್ಚನ್ನು ಯಾರೂ ಎಣಿಸುವುದಿಲ್ಲ. ನಾನೇನೂ ಕಡಿಮೆ ಇಲ್ಲ ಬಿಡಿ. ಒಂದು ಕಾಲದಲ್ಲಿ ಸಂತೆಯಲ್ಲಿ ಕೊಂಡ ಚಿನ್ನದ ಬಣ್ಣದ ಸ್ಟಿಕ್ಕರನ್ನು ಸಿಗ್ನಲ್ ಜಾಸ್ತಿ ಬರಲಿ ಅಂತ ಬ್ಯಾಟರಿ ಹಿಂದೆ ಅಂಟಿಸಿಕೊಂಡು ಓಡಾಡಿದವನು ನಾನು.

ಆದರೆ ಕಸ್ಟಮ್ ಕರ್ನಲ್ ಆ ಸ್ಟಿಕ್ಕರಿನ ಜಾತಿಯದಲ್ಲ. ಅದರ ಹಿಂದೆ ನಿಜವಾದ ಭೌತಶಾಸ್ತ್ರ ಇದೆ. ಎಷ್ಟಿದೆ ಅನ್ನುವುದೇ ತಕರಾರು.

ಕರ್ನಲ್ ಅಂದರೆ ಏನು ಅಂತ ಉದ್ದಕ್ಕೆ ಹೇಳುವುದಿಲ್ಲ. ಆ್ಯಪ್‌ಗಳಿಗೂ ಚಿಪ್ಪಿಗೂ ನಡುವೆ ನಿಂತು, ಯಾರಿಗೆ ಎಷ್ಟು ಹೊತ್ತು, ಯಾವ ವೇಗದಲ್ಲಿ ಅಂತ ಹಂಚುವ ಮನೆ ಯಜಮಾನ ಅದು. ಆಂಡ್ರಾಯ್ಡ್ ಫೋನಿನಲ್ಲಿರುವ ಯಜಮಾನನ ಹೆಸರು ಲಿನಕ್ಸ್. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ಹವ್ಯಾಸಕ್ಕೆ ಅಷ್ಟೇ ಅಂತ ಹೇಳಿಕೊಂಡ. ತಮಾಷೆ ನೋಡಿ, ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದೂ ಅದೇ 1991ರಲ್ಲಿ. ಊಟವೂ ಅದನ್ನು ಬಡಿಸುವ ಯಜಮಾನನೂ ಬಂದದ್ದು ಒಂದೇ ವರ್ಷ. ಬ್ಯಾಟರಿಗೆ ದಾರಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಟೊರ್ವಾಲ್ಡ್ಸ್ ಮಾಡಿದ ಇನ್ನೊಂದು ಕೆಲಸ ನಮ್ಮ ಕಥೆಗೆ ಮುಖ್ಯ. 1992ರಲ್ಲಿ ಅವನು ಲಿನಕ್ಸನ್ನು ಜಿಪಿಎಲ್ ಎಂಬ ಪರವಾನಗಿಗೆ ಒಪ್ಪಿಸಿದ. ಈ ಕರ್ನಲ್ ಇರುವ ಫೋನನ್ನು ಮಾರುವವರು, ತಾವು ಬದಲಾಯಿಸಿದ ಕರ್ನಲ್ಲಿನ ಮೂಲ ಬರಹವನ್ನೂ (ಸೋರ್ಸ್ ಕೋಡ್) ಕೇಳಿದವರಿಗೆ ಕೊಡಬೇಕು ಅನ್ನುವುದು ಅದರ ಕರಾರು. ಹಾಗಾಗಿಯೇ ಎಲ್ಲೋ ಕೂತ ಹುಡುಗನೊಬ್ಬ ಅದನ್ನು ಇಳಿಸಿಕೊಂಡು, ನಾಲ್ಕು ಸಾಲು ತಿದ್ದಿ, ತನ್ನದೇ ಕರ್ನಲ್ ಕಟ್ಟಲು ಸಾಧ್ಯವಾಯಿತು. ಫ್ರಾಂಕೊ, ಎಲಿಮೆಂಟಲ್‌ಎಕ್ಸ್ ಅಂತ ಹೆಸರು ಮಾಡಿದ ಕರ್ನಲ್‌ಗಳೆಲ್ಲ ಈ ದಾರಿಯಲ್ಲೇ ಬಂದವು.

ಸರಿ, ಅವರು ತಿದ್ದುವುದು ಏನನ್ನು? ಇಲ್ಲಿಗೆ ನನಗೆ ಇಷ್ಟವಾದ ಜಾಗ ಬಂತು.

ಚಿಪ್ಪಿನೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳಿವೆ. ಒಂದೊಂದೂ ಒಂದು ಚಿಕ್ಕ ನಲ್ಲಿ ಅಂದುಕೊಳ್ಳಿ. ನಿಮ್ಮ ಮನೆಯ ಮೇಲೆ ಟ್ಯಾಂಕ್ ಇದೆ. ಮೋಟರು ಅಲ್ಲಿಗೆ ನೀರು ಎತ್ತುತ್ತದೆ. ಟ್ಯಾಂಕಿನಿಂದ ಇಳಿದ ನೀರು, ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಪೈಪನ್ನು ಟ್ಯಾಂಕಿನ ಮಟ್ಟದವರೆಗೂ ತುಂಬುತ್ತದೆ. ಕಂಪ್ಯೂಟರಿನ ಲೆಕ್ಕವೆಲ್ಲ ಒಂದು ಮತ್ತು ಸೊನ್ನೆಗಳಲ್ಲೇ ತಾನೇ? ತುಂಬಿದ ಪೈಪು ಅಂದರೆ ಒಂದು. ಸೊನ್ನೆ ಬೇಕಾದಾಗ ಕೆಳಗಿನ ನಲ್ಲಿ ತಿರುಗಿಸಿ ಅಷ್ಟೂ ನೀರನ್ನು ಚರಂಡಿಗೆ ಬಿಡುತ್ತೀರಿ. ಮತ್ತೆ ಒಂದು ಬೇಕೇ? ಮತ್ತೆ ತುಂಬಿಸಿ. ಬೋರ್‌ವೆಲ್ ನೀರಿಗೆ ಬಾಯಿಬಿಡುವ ನಮ್ಮ ಜಿಲ್ಲೆಯವರಿಗೆ ಇದು ಹೊಟ್ಟೆ ಉರಿಸುವ ವ್ಯವಹಾರ. ಆದರೆ ಫೋನ್ ಮಾಡುವುದು ಇದನ್ನೇ. 2 ಗಿಗಾಹರ್ಟ್ಸ್ ಚಿಪ್ಪಿನಲ್ಲಿ ಈ ತಾಳ ಸೆಕೆಂಡಿಗೆ 200 ಕೋಟಿ ಸಲ ಬೀಳುತ್ತದೆ.

ಈಗ ಟ್ಯಾಂಕನ್ನು ಎರಡು ಪಟ್ಟು ಎತ್ತರಕ್ಕೆ ಏರಿಸಿ. ಪೈಪಿಗೆ ಎರಡು ಪಟ್ಟು ನೀರು ಹಿಡಿಯುತ್ತದೆ. ಆ ಒಂದೊಂದು ಕೊಡವನ್ನೂ ಮೋಟರು ಎರಡು ಪಟ್ಟು ಎತ್ತರಕ್ಕೆ ಎತ್ತಬೇಕು. ಎರಡೆರಡಲೆ ನಾಲ್ಕು. ಟ್ಯಾಂಕಿನ ಎತ್ತರವೇ ವೋಲ್ಟೇಜ್. ಹಾಗಾಗಿ ಪ್ರತಿ ತುಂಬು-ಖಾಲಿಯ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ ಎಷ್ಟು ಸಲ ತುಂಬಿಸುತ್ತೀರಿ ಅನ್ನುವುದೇ ಗಿಗಾಹರ್ಟ್ಸ್ ಲೆಕ್ಕ. ಇವೆರಡನ್ನೂ ಗುಣಿಸಿದರೆ ಚಿಪ್ ಎಳೆಯುವ ವಿದ್ಯುತ್ ಸಿಗುತ್ತದೆ.

ಗಾಳಿಯಂತ್ರದ ಲೆಕ್ಕ ಇನ್ನೊಮ್ಮೆ ನೋಡಿ. ಒಂದೊಂದು ಕಿಲೋ ಗಾಳಿಯ ಶಕ್ತಿಗೆ ವರ್ಗ, ಸೆಕೆಂಡಿಗೆ ಬರುವ ಗಾಳಿಗೆ ಇನ್ನೊಂದು ಗುಣಾಕಾರ. ಅದೇ ಆಕಾರ! ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ವೇಗ ಮತ್ತು ವೋಲ್ಟೇಜ್ ಜೊತೆಜೊತೆಯಾಗಿ ಇಳಿಯುವುದು ಯಾಕೆ? ಅದೂ ಟ್ಯಾಂಕಿನ ಮಾತೇ. ಟ್ಯಾಂಕ್ ಎತ್ತರದಲ್ಲಿದ್ದರೆ ಒತ್ತಡ ಜಾಸ್ತಿ, ಪೈಪು ಬೇಗ ತುಂಬುತ್ತದೆ. ಮುಂದಿನ ತಾಳ ಬೀಳುವ ಮೊದಲೇ ತುಂಬಿರಲೇಬೇಕು. ಇಲ್ಲದಿದ್ದರೆ ಒಂದು ಆಗಬೇಕಾದದ್ದು ಸೊನ್ನೆಯಾಗಿ ಲೆಕ್ಕ ಕೆಡುತ್ತದೆ. ತಾಳ ನಿಧಾನ ಮಾಡಿದರೆ ಟ್ಯಾಂಕನ್ನೂ ಇಳಿಸಬಹುದು. ಎರಡನ್ನೂ ಅರ್ಧ ಮಾಡಿದರೆ ಎಳೆತ ಅರೆಕಾಲಿಗೆ ಬರುತ್ತದೆ. ಕೆಲಸಕ್ಕೆ ಎರಡು ಪಟ್ಟು ಹೊತ್ತು ಹಿಡಿದರೂ ಒಟ್ಟು ಖರ್ಚು ಕಾಲು ಭಾಗ. ಕಾಗದದ ಮೇಲೆ ಇದು ಹಬ್ಬದೂಟ. ನಿಜದಲ್ಲಿ ವೋಲ್ಟೇಜನ್ನು ಅಷ್ಟು ಇಳಿಸಲು ಆಗುವುದಿಲ್ಲ. ಆದರೂ 1.1 ವೋಲ್ಟ್ ಇದ್ದದ್ದು 0.9 ಆಯಿತು ಅನ್ನಿ. ವರ್ಗ ಮಾಡಿ ನೋಡಿದರೆ ಪ್ರತಿ ಕೆಲಸಕ್ಕೆ ಮೂರರಲ್ಲಿ ಒಂದು ಪಾಲು ಉಳಿತಾಯ.

ನಾನೂ ಒಮ್ಮೆ ಈ ಆಸೆಗೆ ಬಿದ್ದಿದ್ದೆ. ಹಳೆಯ ಫೋನುಗಳಲ್ಲಿ ಯಾವ ವೇಗಕ್ಕೆ ಎಷ್ಟು ವೋಲ್ಟ್ ಅನ್ನುವ ಪಟ್ಟಿ ಕರ್ನಲ್ಲಿನೊಳಗೇ ಇರುತ್ತಿತ್ತು. ಕಸ್ಟಮ್ ಕರ್ನಲ್ ಹಾಕಿದರೆ ಅದನ್ನು ಕೈಯಲ್ಲೇ ಇಳಿಸಬಹುದಿತ್ತು. ಗೆಳೆಯನೂ ನಾನೂ ಒಂದೇ ಮಾದರಿಯ ಫೋನ್ ಇಟ್ಟುಕೊಂಡಿದ್ದೆವು. ಅವನು 50 ಮಿಲಿವೋಲ್ಟ್ ಇಳಿಸಿ ಆರಾಮಾಗಿದ್ದ. ನಾನೂ ಅಷ್ಟೇ ಇಳಿಸಿದೆ. ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಜೇಬಿನೊಳಗೇ ಫೋನ್ ಕಲ್ಲಾಯಿತು. ಆನ್ ಮಾಡಿದರೆ ಲೋಗೋ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಒಂದೇ ಬಟ್ಟಿಯ ಮಂಡಕ್ಕಿಯಲ್ಲೂ ಒಂದು ಕಾಳು ಹೆಚ್ಚು ಅರಳಿರುತ್ತದೆ, ಇನ್ನೊಂದು ಮುರುಟಿರುತ್ತದೆ. ಚಿಪ್ಪುಗಳೂ ಹಾಗೆಯೇ. ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದರೂ ಒಂದಕ್ಕೆ ಸಾಕಾಗುವ ವೋಲ್ಟ್ ಇನ್ನೊಂದಕ್ಕೆ ಸಾಲದು. ಅದಕ್ಕೇ ತಯಾರಕರು ಎಲ್ಲಕ್ಕೂ ಸ್ವಲ್ಪ ಜಾಸ್ತಿಯೇ ಕೊಟ್ಟಿರುತ್ತಾರೆ. ಗೆಳೆಯನ ಚಿಪ್ಪಿಗೆ ಆ ಜಾಸ್ತಿ ದಂಡವಾಗಿತ್ತು. ನನ್ನದಕ್ಕೆ ಅದೇ ಊಟ. ಇನ್ನೊಬ್ಬರ ಫೋನಿನ ಅಂಕಿಯನ್ನು ನಮ್ಮ ಫೋನಿಗೆ ಕಣ್ಣು ಮುಚ್ಚಿ ಹಾಕಬಾರದು ಅನ್ನುವುದು ಇದಕ್ಕೇ. ಈಗಿನ ಬಹಳಷ್ಟು ಚಿಪ್ಪುಗಳಲ್ಲಿ ಈ ಪಟ್ಟಿಯನ್ನು ಯಂತ್ರಾಂಶವೇ ನೋಡಿಕೊಳ್ಳುತ್ತದೆ, ಕರ್ನಲ್ಲಿನ ಕೈಗೆ ಸಿಗುವುದಿಲ್ಲ.

ಕರ್ನಲ್ ಕಟ್ಟುವವರು ತಿದ್ದುವ ಇನ್ನೊಂದು ಭಾಗ ಗವರ್ನರ್. ಹೆಸರು ದೊಡ್ಡದು, ಕೆಲಸ ಒಂದೇ. ಈ ಕ್ಷಣಕ್ಕೆ ಎಷ್ಟು ವೇಗ ಸಾಕು ಅಂತ ತೀರ್ಮಾನಿಸುವುದು. ನಾಯಕನಹಟ್ಟಿ ತಿಪ್ಪೇಸ್ವಾಮಿಯವರ "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಗವರ್ನರಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಗೊತ್ತಿಲ್ಲ. ಕೆಲಸ ಎಷ್ಟೋ ಅಷ್ಟೇ ವೇಗ, ಅಷ್ಟೇ ವೋಲ್ಟ್. ಹಳೆಯ ಆನ್‌ಡಿಮಾಂಡ್ ಗವರ್ನರ್ ಹಿಂದಿನ ಕ್ಷಣ ಎಷ್ಟು ಕೆಲಸ ಇತ್ತು ಅಂತ ನೋಡಿ ಮುಂದಿನದನ್ನು ಊಹಿಸುತ್ತಿತ್ತು. 2016ರಲ್ಲಿ ಲಿನಕ್ಸ್ 4.7ರ ಜೊತೆ ಬಂದ ಶೆಡ್‌ಯುಟಿಲ್, ಕೆಲಸ ಹಂಚುವ ಮೇಸ್ತ್ರಿಯನ್ನೇ ನೇರವಾಗಿ ಕೇಳಿ ವೇಗ ನಿರ್ಧರಿಸುತ್ತದೆ. 2019ರ ಲಿನಕ್ಸ್ 5.0ರಲ್ಲಿ ಇನ್ನೂ ಒಂದು ಬುದ್ಧಿ ಸೇರಿತು. ಫೋನಿನ ಚಿಪ್ಪಿನಲ್ಲಿ ಲೆಕ್ಕ ಮಾಡುವ ಕೋರ್‌ಗಳಲ್ಲಿ ದೊಡ್ಡದು, ಚಿಕ್ಕದು ಅಂತ ಎರಡು ಬಗೆ ಇರುತ್ತವಲ್ಲ, ಈ ಕೆಲಸವನ್ನು ಯಾವುದಕ್ಕೆ ಕೊಟ್ಟರೆ ಕಡಿಮೆ ಖರ್ಚು ಅಂತ ಲೆಕ್ಕ ಹಾಕಿ ಕೊಡುವುದು. ಒಂದು ಬೆಣ್ಣೆ ದೋಸೆ ಹುಯ್ಯಲು ಮದುವೆ ಮನೆಯ ಕಾವಲಿ ಯಾಕೆ ಕಾಯಿಸಬೇಕು?

ಹಾಗಾದರೆ ಯಾವಾಗಲೂ ನಿಧಾನವೇ ಲೇಸಲ್ಲವಾ? ಬಹಳ ಜನ ಎಡವುವುದು ಇಲ್ಲೇ. ನಮ್ಮ ನಲ್ಲಿಗಳು ಸೋರುತ್ತವೆ. ಸುಮ್ನೆ ಇದ್ದರೂ, ವಿದ್ಯುತ್ ಇರುವವರೆಗೂ ತೊಟ್ಟಿಕ್ಕುತ್ತಲೇ ಇರುತ್ತವೆ. ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ, ಟ್ರಾನ್ಸಿಸ್ಟರ್ ಚಿಕ್ಕದಾದ ಹಾಗೆಲ್ಲ ವೋಲ್ಟೇಜನ್ನೂ ಇಳಿಸುತ್ತ ಹೋಗಬಹುದು ಅಂತ ತೋರಿಸಿಕೊಟ್ಟಿದ್ದರು. ಮೂವತ್ತು ವರ್ಷ ಆ ಮಾತು ನಡೆಯಿತು. 2005ರ ಸುಮಾರಿಗೆ ಈ ಸೋರಿಕೆಯೇ ಅದಕ್ಕೆ ಅಡ್ಡ ನಿಂತಿತು. ಹಾಗಾಗಿ ತೀರಾ ನಿಧಾನ ಮಾಡಿದರೆ ಸೋರುವ ಹೊತ್ತು ಹೆಚ್ಚುತ್ತದೆ. ಕೆಲವು ಕೆಲಸಗಳನ್ನು ಚಕಚಕ ಮುಗಿಸಿ, ಮೈನ್ ವಾಲ್ವ್ ಬಂದ್ ಮಾಡಿ ಮಲಗುವುದೇ ಲಾಭ. ಎಲ್ಲಿಯವರೆಗೆ ನಿಧಾನ, ಎಲ್ಲಿಂದ ಓಟ ಅನ್ನುವುದು ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಗರಿಷ್ಠ ವೇಗಕ್ಕೆ ಸುಮ್ಮನೆ ಕತ್ತರಿ ಹಾಕಿ "ಬ್ಯಾಟರಿ ಕರ್ನಲ್" ಅಂತ ಹೆಸರಿಡುವವರನ್ನು ನಾನು ನಂಬುವುದಿಲ್ಲ.

ಮಲಗುವ ಮಾತು ಬಂತು. ಹಳೆಯ ಲಿನಕ್ಸ್ ಕರ್ನಲ್ ಕೆಲಸ ಇರಲಿ ಬಿಡಲಿ, ಸೆಕೆಂಡಿಗೆ ನೂರಾರು ಸಲ ಎದ್ದು ಕೂತು ನೋಡುತ್ತಿತ್ತು. ಏಳು ಸುತ್ತಿನ ಕೋಟೆಯನ್ನು ಪದೇಪದೇ ಗಸ್ತು ಹೊಡೆದ ಹಾಗೆ. ಓಬವ್ವ ಹಾಗೆ ಮಾಡಲಿಲ್ಲ ನೋಡಿ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಬಂದಿದ್ದಳು. ಕಿಂಡಿಯ ಕಡೆ ಸದ್ದು ಕೇಳಿಸಿತು, ಒನಕೆ ಎತ್ತಿದಳು. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಇಂಟರಪ್ಟ್ ಅನ್ನುತ್ತಾರೆ. ಇತಿಹಾಸದ ಮೇಷ್ಟ್ರುಗಳು ಕ್ಷಮಿಸಬೇಕು. 2007ರಿಂದೀಚೆಗೆ ಲಿನಕ್ಸ್ ಕೂಡ ಓಬವ್ವನ ದಾರಿ ಹಿಡಿಯಿತು. ಸದ್ದಾದರೆ ಮಾತ್ರ ಏಳುತ್ತದೆ. ಆದರೆ ಆಂಡ್ರಾಯ್ಡಿನಲ್ಲಿ ವೇಕ್‌ಲಾಕ್ ಅಂತ ಒಂದಿದೆ. "ನನ್ನ ಕೆಲಸ ಮುಗಿಯುವವರೆಗೂ ಮಲಗಬೇಡ" ಅಂತ ಆ್ಯಪ್ ಹಾಕುವ ಚಿಲಕ ಅದು. ಹಾಕಿದವರು ತೆಗೆಯಲು ಮರೆತರೆ ರಾತ್ರಿಯಿಡೀ ಜಾಗರಣೆ. 2015ರ ಆಂಡ್ರಾಯ್ಡ್ 6 ಡೋಜ್ ಎಂಬ ವ್ಯವಸ್ಥೆ ತಂದು ಇದಕ್ಕೆ ಕಡಿವಾಣ ಹಾಕಿತು. ಕೆಲವು ಕಸ್ಟಮ್ ಕರ್ನಲ್‌ಗಳು ಇಂಥ ಚಿಲಕಗಳನ್ನು ಒತ್ತಾಯವಾಗಿ ಕಿತ್ತು ಹಾಕುತ್ತವೆ. ಬೇಡದ್ದನ್ನು ಕಿತ್ತರೆ ಸರಿ. ಬೇಕಾದ್ದನ್ನು ಕಿತ್ತರೆ ಬೆಳಗಿನ ಅಲಾರಮ್ಮೇ ಹೊಡೆಯದೆ ಹೋಗಬಹುದು.

ಇಷ್ಟಾದರೂ ಡಬಲ್ ಆಗುವುದಿಲ್ಲ. 4000 ಮಿಲಿಆಂಪ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 15 ವಾಟ್-ಗಂಟೆ ಶಕ್ತಿ ಇರುತ್ತದೆ. ಪರದೆ ಒಂದು ವಾಟ್ ಎಳೆದರೆ, ಬೇರೆ ಏನೂ ಮಾಡದಿದ್ದರೂ 15 ಗಂಟೆಗೆ ಖಾಲಿ. ಕರ್ನಲ್ ಎಷ್ಟೇ ಜಾಣನಾದರೂ ಪರದೆಯ ದೀಪ ಸುಡುವುದನ್ನು ತಪ್ಪಿಸಲಾರದು. ಟವರ್ ದೂರವಾದಂತೆಲ್ಲ ಫೋನ್ ಗಂಟಲು ಹರಿಯುವಂತೆ ಕೂಗಬೇಕು. ಆ ಕೂಗಿನ ಖರ್ಚೂ ಅಷ್ಟೇ, ಕರ್ನಲ್ ಬದಲಾದರೆ ಇಳಿಯುವುದಿಲ್ಲ. ಇದಕ್ಕೆಲ್ಲ ತೆರುವ ಬೆಲೆ ಬೇರೆ. ಫೋನನ್ನು ಎಬ್ಬಿಸುವ ಮೊದಲ ತಂತ್ರಾಂಶವಾದ ಬೂಟ್‌ಲೋಡರ್‌ನ ಬೀಗ ತೆರೆದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ರೂಟ್ ಆದ ಫೋನಿನಲ್ಲಿ ಹಣ ಕಳಿಸುವ ಆ್ಯಪ್‌ಗಳು ಮುನಿಸಿಕೊಳ್ಳುತ್ತವೆ.

ಅದಕ್ಕೇ ಅಕ್ಕನ ಮಗನಿಗೆ ಹೇಳಿದೆ: ಮೊದಲು ಅಳತೆ ಮಾಡು. ರಾತ್ರಿ ಮಲಗುವಾಗ ಎಷ್ಟಿತ್ತು, ಬೆಳಿಗ್ಗೆ ಎಷ್ಟಿದೆ ಅಂತ ಮೂರು ದಿನ ಬರೆದಿಡು. ಒಂದು ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟು ನೋಡು. ಆಮೇಲೆ ಕರ್ನಲ್ ಹಾಕು, ಮತ್ತೆ ಅದನ್ನೇ ಮಾಡು. ಹೊಸದು ಹಾಕಿದ ಖುಷಿಗೇ ಬ್ಯಾಟರಿ ಜಾಸ್ತಿ ಬಂದ ಹಾಗೆ ಅನ್ನಿಸುತ್ತದೆ, ಅದನ್ನು ನಂಬಬೇಡ.

ಮೂರನೇ ದಿನ ಮುಖ ಸಣ್ಣ ಮಾಡಿಕೊಂಡು ಬಂದ. ರಾತ್ರಿ ಸುಮ್ಮನೆ ಮೇಜಿನ ಮೇಲಿದ್ದ ಫೋನ್ ಅರ್ಧ ಬ್ಯಾಟರಿ ನುಂಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪುಟ ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಒಂದು ದಿನಭವಿಷ್ಯದ ಆ್ಯಪ್ ಕೂತಿತ್ತು. ಅಕ್ಕ ತನ್ನ ಫೋನಿನಲ್ಲಿ ಜಾಗ ಇಲ್ಲ ಅಂತ ಮಗನ ಫೋನಿಗೆ ಹಾಕಿಸಿದ್ದಂತೆ. ಹೊತ್ತುಹೊತ್ತಿಗೆ ಎದ್ದು ಶುಭಗಳಿಗೆ ತಿಳಿಸಲು ಅದು ಚಿಲಕ ಹಾಕಿಕೊಂಡು ರಾತ್ರಿಯೆಲ್ಲ ಎದ್ದಿರುತ್ತಿತ್ತು.

"ಇದನ್ನ ತೆಗೆದ್ರೆ ಅಮ್ಮ ಬೈತಾಳೆ ಮಾವ" ಅಂದ.

ತೆಗೆದೆವು. ಕರ್ನಲ್ ಹಾಕುವ ಮಾತು ಅವನು ಮತ್ತೆ ಎತ್ತಿಲ್ಲ. ಅಕ್ಕ ಈಗ ರಾಹುಕಾಲ ನೋಡುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ.