ಚಿತ್ರವನ್ನು ಬಟ್ಟೆ ಮೇಲೆ ಪ್ರಿಂಟ್ ಮಾಡಿಸಿದರೆ ಸಾಕಾ?

ಪ್ರಶ್ನೆ: ಅಮೂರ್ತ ಚಿತ್ರಕಲೆಯಿಂದ (ಅಂದರೆ ಬರೀ ಬಣ್ಣ, ಗೆರೆ, ಆಕಾರಗಳ ಚಿತ್ರಗಳಿಂದ) ಹುಟ್ಟಿದ ಪ್ರಯೋಗದ ಉಡುಪು ಅಂತಾರಲ್ಲ, ಚಿತ್ರವನ್ನು ಬಟ್ಟೆ ಮೇಲೆ ಪ್ರಿಂಟ್ ಮಾಡಿಸಿ ಹೊಲಿಸಿದರೆ ಆಯ್ತಲ್ವಾ? ಅದರಲ್ಲಿ ಪ್ರಯೋಗ ಏನು ಬಂತು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸುಮ್ನೆ ಪ್ರಿಂಟ್ ಮಾಡಿಸಿದರೆ ಪ್ರಯೋಗ ಆಗುವುದಿಲ್ಲ. ಚಿತ್ರ ಬಂದ ಮೇಲೆ ಕತ್ತರಿ ಓಡುವ ದಾರಿಯೂ ಬದಲಾಗಬೇಕು.

1965ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಷನ್ ಡಿಸೈನರ್ ಈವ್ ಸೇನ್ ಲೊರಾನ್ ಮಾಡಿದ ಉಡುಪುಗಳನ್ನೇ ನೋಡಿ. ಡಚ್ ಕಲಾವಿದ ಪೀಟ್ ಮೊಂಡ್ರಿಯಾನ್ ಬರೆದ ಚಿತ್ರಗಳು ಅವುಗಳಿಗೆ ಮೂಲ. ನೇರ ಕಪ್ಪು ಗೆರೆ, ನಡುವೆ ಕೆಂಪು, ನೀಲಿ, ಹಳದಿ, ಬಿಳಿ ಚೌಕಗಳು. ಕ್ಯಾನ್ವಾಸ್ ಸಪಾಟು, ಮೈ ಹಾಗಲ್ಲ. ಎದೆಯ ಹತ್ತಿರ ಬಟ್ಟೆ ಸರಿಯಾಗಿ ಕೂರಬೇಕಾದರೆ ಡಾಟ್ಸ್ ಹಿಡಿಯಬೇಕು, ಅಂದರೆ ಬಟ್ಟೆಯನ್ನು ಒಳಗೆ ಚೂಪಾಗಿ ಮಡಿಚಿ ಹೊಲಿಯಬೇಕು ಅಂತ ಯಾವ ಟೇಲರನ್ನು ಕೇಳಿದರೂ ಹೇಳುತ್ತಾರೆ. ಆದರೆ ಬಿಳಿ ಚೌಕದ ಮಧ್ಯೆ ಒಂದು ಡಾಟ್ ಬಂದರೆ ಚಿತ್ರ ಕೆಟ್ಟಿತು. ಡಾಟ್ ಬಿಟ್ಟರೆ ಉಡುಪು ಗೋಣಿಚೀಲ!

ಅಲ್ಲಿ ಪ್ರಿಂಟನ್ನೇ ಮಾಡಲಿಲ್ಲ. ಉಣ್ಣೆಯ ಜರ್ಸಿ ಬಟ್ಟೆಯಲ್ಲಿ ಒಂದೊಂದು ಬಣ್ಣದ ತುಂಡನ್ನೂ ಬೇರೆಬೇರೆಯಾಗಿ ಕತ್ತರಿಸಿದರು. ಕಪ್ಪು ಪಟ್ಟಿಗಳನ್ನೂ ಹಾಗೆಯೇ. ಮೈಗೆ ಬೇಕಾದ ತಿರುವನ್ನೆಲ್ಲ ಅವು ಕೂಡುವ ಹೊಲಿಗೆಯೊಳಗೆ ಅಡಗಿಸಿದರು. ನೋಡುವವರಿಗೆ ಅದು ಚಿತ್ರದ ಗೆರೆ, ತೊಟ್ಟವರಿಗೆ ಉಡುಪನ್ನು ಮೈಗೆ ಹೊಂದಿಸುವ ಹೊಲಿಗೆ. ಎಷ್ಟು ಸಲ ನೋಡಿದರೂ ನನಗೆ ಈ ಜಾಣತನ ಹಳತಾಗಿಲ್ಲ.

ಇದಕ್ಕೂ ಮುಂಚೆ ಇನ್ನೊಂದು ಕಥೆ ಇದೆ. ಅದು ನನಗೆ ಜಾಸ್ತಿ ಇಷ್ಟ. ಉಕ್ರೇನ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ್ದ ಕಲಾವಿದೆ ಸೋನಿಯಾ ಡೆಲೋನೆ 1911ರಲ್ಲಿ ತಮ್ಮ ಎಳೆ ಮಗುವಿಗೆ ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿದರು. ತಮ್ಮ ಕಡೆಯ ರೈತರ ಮನೆಗಳಲ್ಲಿ ಕಂಡಿದ್ದ ಹೊದಿಕೆಯ ಹಾಗೆ. ಬಣ್ಣದ ಪಕ್ಕ ಬಣ್ಣ ಇಟ್ಟಾಗ ಏನಾಗುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಬಿತ್ತು. ಅದೇ ದಾರಿಯಲ್ಲಿ ಚಿತ್ರಗಳು ಬಂದವು, 1913ರಲ್ಲಿ ತುಂಡು ಜೋಡಿಸಿದ ಉಡುಪೂ ಬಂತು. ಉತ್ತರ ಕರ್ನಾಟಕದ ಕೌದಿ ಹೊದ್ದು ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆ ಸೀರೆಯ ಹಸಿರು ತುಂಡು ಕೆಂಪಿನ ಪಕ್ಕ ಕೂತಾಗ ಹೇಗೆ ಎದ್ದು ಕಾಣುತ್ತದೆ ಅಂತ ಅವರಿಗೆ ಗೊತ್ತು.

ಇನ್ನು ಅಂಗಡಿಯಲ್ಲಿ ಇಂಥ ಉಡುಪು ಕಂಡರೆ ಒಳಮಗ್ಗುಲು ತಿರುಗಿಸಿ ನೋಡಿ. ಬಣ್ಣ ಬದಲಾಗುವ ಜಾಗದಲ್ಲೇ ಹೊಲಿಗೆ ಇದೆಯಾ, ಇಲ್ಲ ಹೊಲಿಗೆ ತನ್ನ ಪಾಡಿಗೆ ಬೇರೆ ಕಡೆ ಹೋಗಿದೆಯಾ?